ಎಳನೀರು ತರುವ ಮೊದಲು ರಿಪೋರ್ಟ್ ಕೇಳಿ

ಇವತ್ತು ಜಗಳ ಮಾಡ್ಲಿಕ್ಕೇ ಬರೀತಾ ಇದ್ದೇನೆ. ಯಾರೂ ಬೇಜಾರು ಮಾಡ್ಕೊಳ್ಳಬೇಡಿ. ಬೇಜಾರಾದರೂ ಪೂರ್ತಿ ಓದಿ ಆಮೇಲೆ ಬೇಜಾರು ಮಾಡ್ಕೊಳ್ಳಿ.

ನನ್ನ ಜಗಳ ಇಷ್ಟೇ. ಕಿಡ್ನಿ ಕಾಯಿಲೆ ಇರುವವರಿಗೆ ನಾವು ಹೆಂಗಸರು “ಆರೋಗ್ಯದ ತಿಂಡಿ” ಅಂತ ಪ್ರೀತಿಯಿಂದ ಕೊಡುವ ಹೆಚ್ಚಿನ ತಿಂಡಿಗಳು ಅವರಿಗೆ ಆಗಿ ಬರುವುದಿಲ್ಲ. ನಾವು “ಏನೂ ಸತ್ವ ಇಲ್ಲ” ಅಂತ ಪಕ್ಕಕ್ಕೆ ತಳ್ಳುವ ನಮ್ಮ ಅಕ್ಕಿ ತಿಂಡಿಗಳೇ ಎಷ್ಟೋ ಸಲ ಅವರಿಗೆ ಒಳ್ಳೇದು. ಇದನ್ನು ಹೇಳಿದರೆ ನಮ್ಮ ಕಡೆ ಯಾರೂ ನಂಬೋದಿಲ್ಲ. ಆರು ವರ್ಷದಿಂದ ನಮ್ಮ ಮಾವಿಯ ಅಡಿಗೆ ಮಾಡಿ ಮಾಡಿ, ಮೂರು ತಿಂಗಳಿಗೊಮ್ಮೆ ರಿಪೋರ್ಟ್ ಓದಿ ಓದಿ ನನಗೆ ಬಾಯಿಪಾಠ ಆಗಿದೆ. ಅದಕ್ಕೇ ಹೇಳ್ತಾ ಇದ್ದೇನೆ.

ಹುದಿಕೇರಿಯಲ್ಲಿ ಹುಷಾರಿಲ್ಲದವರನ್ನು ನೋಡಲಿಕ್ಕೆ ಬರಿಗೈಯಲ್ಲಿ ಹೋಗುವ ಕ್ರಮ ಇಲ್ಲ. ಚೀಲದಲ್ಲಿ ಎಂತ ಉಂಟು ಅಂತ ಬಿಚ್ಚದೇ ಹೇಳಬಹುದು. ಎರಡು ಎಳನೀರು, ನಾಲ್ಕು ನೇಂದ್ರ ಬಾಳೆಹಣ್ಣು, ಒಂದು ಪೊಟ್ಟಣ ಖರ್ಜೂರ ದ್ರಾಕ್ಷಿ ಬಾದಾಮಿ, ತೋಟದಲ್ಲಿ ಬಿದ್ದ ಬೆಣ್ಣೆಹಣ್ಣು, ಇಲ್ಲದಿದ್ದರೆ ಗೋಣಿಕೊಪ್ಪದಿಂದ ತಂದ ರಾಗಿ ಬಿಸ್ಕೆಟ್. ಜ್ವರ ಬಂದು ಎದ್ದವರಿಗೆ, ಬಾಣಂತಿಗೆ, ಕೈಕಾಲು ಮುರಿದವರಿಗೆ ಇದೆಲ್ಲ ಚಿನ್ನದಂಥ ತಿಂಡಿ. ಕಿಡ್ನಿ ಸೋತವರಿಗೆ ಮಾತ್ರ ಲೆಕ್ಕವೇ ಬೇರೆ.

ಲೆಕ್ಕ ಎಂತ ಅಂದ್ರೆ, ನಾವು ತಿನ್ನುವ ಹಣ್ಣು, ತರಕಾರಿ, ಕಾಳು, ಬೀಜ ಎಲ್ಲದರಲ್ಲೂ ಪೊಟ್ಯಾಸಿಯಂ ಅಂತ ಒಂದು ಖನಿಜ ಉಂಟು. ಎಲ್ಲರಿಗೂ ಅದು ಬೇಕು. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕ್ತದೆ. ಕಿಡ್ನಿಗೆ ಆ ಶಕ್ತಿ ಕಮ್ಮಿಯಾದಾಗ ಅದು ರಕ್ತದಲ್ಲೇ ಉಳೀತದೆ. ರಿಪೋರ್ಟಿನಲ್ಲಿ ಅದು 3.5 ರಿಂದ 5 ರ ಒಳಗೆ ಇರಬೇಕು. ಆರು ದಾಟಿ ಮೇಲೆ ಹೋದರೆ ಹೃದಯದ ಬಡಿತವೇ ತಪ್ಪಬಹುದು. ಕೆಲವರಿಗೆ ಸುಸ್ತು, ಕೈಕಾಲು ಸೋತ ಹಾಗೆ ಆಗ್ತದೆ. ಎಷ್ಟೋ ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ಅದೇ ಇದರ ಹೆದರಿಕೆ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಕೊಡುವಾಗ ನಮಗೆ ಕೈ ನಡುಗ್ತದೆ, ಕಿಡ್ನಿಯವರಿಗೆ ಎಳನೀರು ಕೊಡುವಾಗ ಪುಣ್ಯ ಬಂತು ಅಂತ ಅನ್ನಿಸ್ತದೆ.

ಈಗ ಆ ಚೀಲವನ್ನೇ ಕೂಡಿಸಿ ನೋಡಿ. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಪೊಟ್ಯಾಸಿಯಂ 500 ಮಿಲಿಗ್ರಾಂ ಆಸುಪಾಸು. ಒಂದು ಹದವಾದ ಬಾಳೆಹಣ್ಣಿನಲ್ಲಿ 400. ಅರ್ಧ ಬೆಣ್ಣೆಹಣ್ಣಿನಲ್ಲಿ 450 ರಿಂದ 500. ಒಂದು ಹಿಡಿ ಒಣದ್ರಾಕ್ಷಿ, ಬಾದಾಮಿ ಅಂದ್ರೆ 200 ದಾಟಿತು. ಎಲ್ಲ ಸೇರಿದರೆ 1,500 ಮೀರಿ ಹೋಯ್ತು. ಪೊಟ್ಯಾಸಿಯಂ ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದವರಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಸಿಗುವುದು 2,000 ರಿಂದ 3,000 ಮಿಲಿಗ್ರಾಂ. ಸಂಜೆ ಒಂದು ಸಲ ನೆಂಟರು ಬಂದು ಹೋದದ್ದಕ್ಕೇ ಅರ್ಧಕ್ಕಿಂತ ಹೆಚ್ಚು ಖರ್ಚಾದರೆ, ಅನ್ನ ಸಾರು ಪಲ್ಯಕ್ಕೆ ಎಂತ ಉಳೀತು?

ಹಾಗಂತ ಕಿಡ್ನಿ ಕಾಯಿಲೆ ಇದ್ದವರೆಲ್ಲ ಬಾಳೆಹಣ್ಣು ಮುಟ್ಟಬಾರದು ಅಂತ ನಾನು ಹೇಳ್ತಾ ಇಲ್ಲ. ಇದನ್ನು ದಯವಿಟ್ಟು ಸರಿಯಾಗಿ ಓದಿ. ಕಾಯಿಲೆಯ ಮೊದಲ ಹಂತದಲ್ಲಿ ಇರುವವರಿಗೆ, ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿಯೇ ಇರುವವರಿಗೆ ಹಣ್ಣು ತರಕಾರಿ ಬಿಡಿಸುವುದೂ ತಪ್ಪೇ. ಹಣ್ಣು ತರಕಾರಿ ಬೇಕು ಅವರಿಗೆ. ಎರಡು ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿನ ಕಾಯಿಲೆ ಇದ್ದರೂ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಆಗೋದಿಲ್ಲ. ಅದಕ್ಕೇ ನಾನು ಹೇಳುವುದು, ಚೀಲ ತುಂಬುವ ಮೊದಲು ಫೋನ್ ಮಾಡಿ ಕೇಳಿ ಅಂತ. “ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಎಷ್ಟು ಬಂದಿದೆ?” ಅಂತ ಕೇಳ್ಲಿಕ್ಕೆ ಎಂತ ನಾಚಿಕೆ? ಮದುವೆಗೆ ಹೋಗುವಾಗ ಸೀರೆ ಯಾವ ಬಣ್ಣ ಅಂತ ಹತ್ತು ಸಲ ಕೇಳ್ತೀವಿ.

ಎಲ್ಲಾ ಹಂತದವರಿಗೂ ಬೇಡವೇ ಬೇಡ ಅನ್ನುವ ಹಣ್ಣು ಒಂದು ಉಂಟು, ಅದನ್ನು ಇಲ್ಲೇ ಹೇಳಿಬಿಡ್ತೇನೆ. ಸ್ಟಾರ್ ಫ್ರೂಟ್. ಕೆಲವರು ಧಾರೆಹುಳಿ ಅಂತಾರೆ, ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣೋದು. ಎಷ್ಟೋ ಮನೆಯ ಹಿತ್ತಲಲ್ಲಿ ಮರ ಉಂಟು, ಮಕ್ಕಳು ಉಪ್ಪು ಖಾರ ಹಚ್ಚಿ ತಿಂತಾರೆ. ಅದರಲ್ಲಿ ಕರಂಬಾಕ್ಸಿನ್ ಅನ್ನುವ ಒಂದು ವಿಷ ಉಂಟು ಅಂತ ಬ್ರೆಜಿಲ್ ದೇಶದ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಕಿಡ್ನಿ ಸರಿ ಇದ್ದರೆ ಅದು ಹೊರಗೆ ಹೋಗ್ತದೆ. ಕಿಡ್ನಿ ಸೋತವರಲ್ಲಿ ಅದು ಮಿದುಳಿಗೆ ಏರ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಮಾತು ತಪ್ಪುವುದು, ಫಿಟ್ಸ್, ಪ್ರಾಣ ಹೋದದ್ದೂ ಉಂಟು. ಒಂದೇ ಹಣ್ಣು ತಿಂದು ಹೀಗಾದವರು ಇದ್ದಾರೆ. ಕಿಡ್ನಿ ಕಾಯಿಲೆಯವರು ಇದನ್ನು ತಿಂದದ್ದು ಗೊತ್ತಾದರೆ, ಬಿಕ್ಕಳಿಕೆಗೆ ನೀರು ಕುಡಿಸಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ, ತಿಂದದ್ದನ್ನು ಡಾಕ್ಟರಿಗೆ ಹೇಳಿ.

ಅದರ ತಂಗಿ ಬಿಂಬುಳಿ. ಕೇರಳದವರು ಇರುಂಬನ್‌ಪುಳಿ ಅನ್ನೋದು. ಮೀನು ಸಾರಿಗೆ ಎರಡು ಹಾಕುವುದು ಬೇರೆ ಮಾತು. ಕೊಲೆಸ್ಟ್ರಾಲ್ ಇಳೀತದೆ ಅಂತ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದ 10 ಜನರ ಕಿಡ್ನಿ ಹಠಾತ್ತಾಗಿ ಕೆಟ್ಟದ್ದನ್ನು ಕೇರಳದ ಡಾಕ್ಟರುಗಳು 2013ರಲ್ಲಿ ವರದಿ ಮಾಡಿದರು. ಆ ಹತ್ತರಲ್ಲಿ ಏಳು ಜನಕ್ಕೆ ಡಯಾಲಿಸಿಸ್ ಬೇಕಾಯ್ತು. ಆ ಹುಳಿಯಲ್ಲಿರುವ ಆಕ್ಸಲೇಟ್ ಕಿಡ್ನಿಯ ಒಳಗೆ ಹರಳಿನ ಹಾಗೆ ಕೂತದ್ದು ಕಾರಣ. ಕುಟ್ಟ ದಾಟಿದರೆ ಕೇರಳ. ಅಲ್ಲಿ ಓಡಾಡುವ ವಾಟ್ಸಾಪ್ ಮದ್ದು ಮರುದಿನ ಬೆಳಿಗ್ಗೆ ನಮ್ಮ ಫೋನಿಗೂ ಬರ್ತದೆ. “ಹಿತ್ತಲಿನದು, ಕೆಮಿಕಲ್ ಇಲ್ಲ” ಅಂತ ಕುಡಿಸುವವರು ಈ ಹತ್ತು ಜನರನ್ನು ನೆನಪಿಡಿ.

ನನ್ನ ಎರಡನೇ ಜಗಳ ಅಂಗಡಿಯ ಪೊಟ್ಟಣದ ಮೇಲಿನ ಮಾತುಗಳ ಜೊತೆ. ಮಲ್ಟಿಗ್ರೇನ್, ಡಯಾಬಿಟಿಕ್, ಶುಗರ್ ಫ್ರೀ, ಬೇಕ್ಡ್, ಹೈ ಪ್ರೋಟೀನ್. ಈ ಮಾತುಗಳನ್ನು ಬರೆದವರು ನಮ್ಮ ಮಾವಿಯ ರಿಪೋರ್ಟ್ ನೋಡಿದವರಲ್ಲ. ಸಕ್ಕರೆ ಹಾಕಿಲ್ಲ ಅಂದ ಮಾತ್ರಕ್ಕೆ ಉಪ್ಪು ಹಾಕಿಲ್ಲ ಅಂತ ಅರ್ಥವಾ? ಎಣ್ಣೆಯಲ್ಲಿ ಕರಿಯದೆ ಬೇಯಿಸಿದ ಆಲೂ ಚಿಪ್ಸ್ ಆದರೂ ಆಲೂಗೆಡ್ಡೆಯೇ. ನೀರಿನಂಶ ಹೋಗಿ ಒಣಗಿದ ಮೇಲೆ ಆಲೂ ಚಿಪ್ಸ್‌ನಲ್ಲಿ 100 ಗ್ರಾಂಗೆ ಪೊಟ್ಯಾಸಿಯಂ 1,000 ಮಿಲಿಗ್ರಾಂ ದಾಟ್ತದೆ. ನೇಂದ್ರ ಚಿಪ್ಸ್ ಕೂಡ ಹಾಗೆಯೇ, ಹಣ್ಣಿನಲ್ಲಿ ಇದ್ದದ್ದು ಒತ್ತಾಗಿ ಸೇರಿಕೊಳ್ತದೆ, ಮೇಲಿಂದ ಉಪ್ಪು ನೀರು ಬೇರೆ.

ರಾಗಿಯ ವಿಷಯ ಹೇಳಿದರೆ ಬೈಗುಳ ಗ್ಯಾರಂಟಿ. ಆದರೂ ಹೇಳ್ತೇನೆ. ರಾಗಿ ಒಳ್ಳೆಯ ಧಾನ್ಯ. ಸಕ್ಕರೆ ಕಾಯಿಲೆಯವರಿಗೆ ನಾನೇ ಹೇಳ್ತೇನೆ ತಿನ್ನಿ ಅಂತ. ಆದರೆ 100 ಗ್ರಾಂ ರಾಗಿಯಲ್ಲಿ ಪೊಟ್ಯಾಸಿಯಂ ಸುಮಾರು 440 ಮಿಲಿಗ್ರಾಂ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಸುಮಾರು 110. ಫಾಸ್ಫರಸ್ ಕೂಡ ರಾಗಿಯಲ್ಲಿ ಅಕ್ಕಿಗಿಂತ ಎರಡು ಪಟ್ಟು. ಧಾನ್ಯದೊಳಗಿನ ಫಾಸ್ಫರಸ್ ನಮ್ಮ ದೇಹಕ್ಕೆ ಪೂರ್ತಿ ಹತ್ತುವುದಿಲ್ಲ ಅನ್ನುವುದೂ ನಿಜ, ಹಾಗಾಗಿ ರಾಗಿಯನ್ನು ವಿಷ ಅಂತ ಯಾರೂ ದೂರ ಇಡಬೇಕಾಗಿಲ್ಲ. ನನ್ನ ಮಾತು ಎಂತ ಅಂದ್ರೆ, ಪೊಟ್ಯಾಸಿಯಂ ಏರಿದವರ ಎದುರು ನಿಂತು “ಬಿಳಿ ಅಕ್ಕಿ ಬಿಡಿ, ರಾಗಿ ತಿನ್ನಿ” ಅಂತ ಉಪದೇಶ ಮಾಡಬೇಡಿ. ಅವರಿಗೆ ಆ ಹೊತ್ತಿಗೆ ಬೇಕಾದದ್ದು ಆ ಬಡಪಾಯಿ ಬಿಳಿ ಅಕ್ಕಿಯೇ.

ಇನ್ನು ಉಪ್ಪು. ಒಂದು ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚ. ಇದು ಎಲ್ಲರಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ, ಕಿಡ್ನಿ ಡಾಕ್ಟರುಗಳು ಹೇಳುವುದೂ ಅಷ್ಟೇ. ಸಾರಿಗೆ ಉಪ್ಪು ಕಮ್ಮಿ ಮಾಡಿ ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ, ಒಣಮೀನು ಇಟ್ಟರೆ ಎಂತ ಪ್ರಯೋಜನ? ಹಪ್ಪಳದಲ್ಲಿ ಉಪ್ಪಿನ ಜೊತೆ ಕಾರವೂ ಇರ್ತದೆ, ಅದೂ ಸೋಡಿಯಂ. ಬೇಕರಿಯ ಪಫ್, ರಸ್ಕ್, ಖಾರ ಬಿಸ್ಕೆಟಿನಲ್ಲಿ ನಾಲಿಗೆಗೆ ಗೊತ್ತಾಗದ ಹಾಗೆ ಉಪ್ಪು, ಸೋಡ ಎರಡೂ ಉಂಟು. ಉಪ್ಪು ಹೆಚ್ಚಾದರೆ ಬಾಯಾರಿಕೆ, ನೀರು ಕುಡಿದರೆ ಕಾಲು ಊತ, ಬಿಪಿ ಏರುವುದು. ಡಯಾಲಿಸಿಸ್‌ಗೆ ಹೋಗುವವರ ತೂಕ ಎರಡು ದಿನದಲ್ಲಿ ಎರಡು ಮೂರು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು.

ಇಲ್ಲಿ ಎರಡು ದೊಡ್ಡ ಮೋಸ ಉಂಟು. ಒಂದು, ಇಂದುಪ್ಪು ಒಳ್ಳೇದು ಅನ್ನುವುದು. ಬಣ್ಣ ಗುಲಾಬಿ ಆದರೂ ಅದರಲ್ಲಿ ಹೆಚ್ಚಿನ ಪಾಲು ಅದೇ ಸೋಡಿಯಂ ಕ್ಲೋರೈಡ್. ಎರಡನೇದು ಇನ್ನೂ ಕೆಟ್ಟದು, “ಲೋ ಸೋಡಿಯಂ” ಉಪ್ಪು. ಅದರಲ್ಲಿ ಸೋಡಿಯಂ ಕಮ್ಮಿ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಾಗಲೂ, ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗೆ ಇಟ್ಟಿದೆ. ಬಿಪಿಗೆ ಒಳ್ಳೇದು ಅಂತ ಮಗ ಬೆಂಗಳೂರಿನಿಂದ ಕಳಿಸಿದ ಉಪ್ಪಿನ ಪ್ಯಾಕೆಟ್ ನಿಮ್ಮ ಅಡಿಗೆಮನೆಯಲ್ಲಿ ಇದ್ದರೆ, ಈಗಲೇ ಎದ್ದು ಹೋಗಿ ಹಿಂಭಾಗ ಓದಿ.

ಹಿಂಭಾಗ ಓದುವುದು ಹೇಗೆ ಅಂತ ಕೇಳ್ತೀರಿ, ಹೇಳ್ತೇನೆ. ನಮ್ಮ ದೇಶದ ಕಾನೂನಿನ ಪ್ರಕಾರ ಪೊಟ್ಟಣದ ಮೇಲೆ ಸೋಡಿಯಂ ಎಷ್ಟು ಅಂತ ಬರೆಯಬೇಕು. 100 ಗ್ರಾಂಗೆ 800 ಮಿಲಿಗ್ರಾಂ ಅಂತ ಇದ್ದು ನೀವು 50 ಗ್ರಾಂ ತಿಂದರೆ 400 ಆಯ್ತು. ಅದು ಒಂದು ಗ್ರಾಂ ಉಪ್ಪು, ದಿನದ ಪಾಲಿನಲ್ಲಿ ಐದರಲ್ಲಿ ಒಂದು, ಬರೀ ಕಾಫಿ ಜೊತೆಗಿನ ಕುರುಕಲಿಗೆ. ಆಮೇಲೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ನೋಡಿ. ಐ.ಎನ್.ಎಸ್. ಅಂತ ಬರೆದು ಮುಂದೆ ನಂಬರ್ ಇರ್ತದೆ. 338 ರಿಂದ 341, ಮತ್ತೆ 450, 451, 452 ಕಂಡರೆ ಅದು ಫಾಸ್ಫೇಟ್. ಕಪ್ಪು ಕೋಲಾದಲ್ಲಿ 338 ಇರ್ತದೆ. ಸಾಸೇಜ್, ಚೀಸ್ ಸ್ಪ್ರೆಡ್, ಕೆಲವು ಬಿಸ್ಕೆಟ್ ಕೇಕಿನಲ್ಲಿ ಉಳಿದವು ಸಿಗ್ತವೆ. ಕಾಳಿನ ಫಾಸ್ಫರಸ್ ಅರ್ಧವೂ ಹತ್ತುವುದಿಲ್ಲ ಅಂದೆ ಅಲ್ವಾ, ಈ ಹಾಕಿದ ಫಾಸ್ಫೇಟ್ ಹೆಚ್ಚುಕಮ್ಮಿ ಎಲ್ಲವೂ ರಕ್ತಕ್ಕೆ ಸೇರ್ತದೆ. ಅದು ರಕ್ತದಲ್ಲಿ ಹೆಚ್ಚಾದರೆ ಮೈ ತುರಿಕೆ, ಮೂಳೆ ಸವೆಯುವುದು, ರಕ್ತನಾಳ ಗಟ್ಟಿಯಾಗುವುದು.

ಪೊಟ್ಯಾಸಿಯಂ ಎಷ್ಟು, ಫಾಸ್ಫರಸ್ ಎಷ್ಟು ಅಂತ ಬರೆಯಲೇಬೇಕು ಅನ್ನುವ ನಿಯಮ ಮಾತ್ರ ನಮ್ಮಲ್ಲಿ ಇಲ್ಲ. 2024ರ ಜುಲೈಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸಕ್ಕರೆ, ಉಪ್ಪು, ಕೊಬ್ಬನ್ನು ದಪ್ಪ ಅಕ್ಷರದಲ್ಲಿ ಹಾಕುವ ಪ್ರಸ್ತಾವಕ್ಕೆ ಒಪ್ಪಿತು. ದಪ್ಪ ಅಕ್ಷರ ಬರಲಿ, ಸಂತೋಷ. ಆದರೆ ಕಿಡ್ನಿಯವರಿಗೆ ಬೇಕಾದ ಎರಡು ನಂಬರ್ ಸಣ್ಣ ಅಕ್ಷರದಲ್ಲೂ ಇಲ್ಲದಿದ್ದರೆ ಅವರು ಅಂಗಡಿಯಲ್ಲಿ ಎಂತ ಮಾಡಬೇಕು? ಗೊತ್ತಿಲ್ಲದ ಪೊಟ್ಟಣವನ್ನು ಅಲ್ಲೇ ಬಿಟ್ಟು ಬರುವುದು, ಅಷ್ಟೇ.

ಮೂರನೇ ಜಗಳ ಇದರ ಪೂರಾ ಉಲ್ಟಾ ಇರುವವರ ಜೊತೆ. ಅಂದ್ರೆ ಏನೂ ಕೊಡದವರ ಜೊತೆ.

ವಾಟ್ಸಾಪಿನಲ್ಲಿ ಒಂದು ಪಟ್ಟಿ ಓಡಾಡ್ತದೆ. ಕಿಡ್ನಿ ಕಾಯಿಲೆಯವರು ಹಾಲು ಬಿಡಿ, ಮೊಟ್ಟೆ ಬಿಡಿ, ಬೇಳೆ ಬಿಡಿ, ಮೀನು ಬಿಡಿ, ಹಣ್ಣು ಬಿಡಿ, ಕಾಫಿ ಬಿಡಿ. ಎಲ್ಲ ಬಿಟ್ಟ ಮೇಲೆ ಎಂತ ತಿನ್ನಬೇಕು ಅಂತ ಯಾರೂ ಬರೆಯುವುದಿಲ್ಲ. ಇದನ್ನು ಹೆಂಗಸರು ಗಂಡಸರಿಗಿಂತ ಹೆಚ್ಚು ಪಾಲಿಸ್ತಾರೆ. ಗಂಡಸರಿಗೆ ಕಾಯಿಲೆ ಬಂದರೆ ಮನೆಯಲ್ಲಿ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು ಬೇಯ್ತದೆ. ಹೆಂಗಸಿಗೆ ಬಂದರೆ ಅವಳೇ ಎಲ್ಲರಿಗೂ ಮಾಡಿ, ತನಗೆ ಬೇರೆ ಮಾಡ್ಲಿಕ್ಕೆ ಹೊತ್ತಿಲ್ಲದೆ, ಒಂದು ಹಿಡಿ ಅನ್ನಕ್ಕೆ ಬಿಸಿನೀರು ಹಾಕಿ ಉಂಡು ಏಳ್ತಾಳೆ. “ನನಗೆ ಹಸಿವೇ ಇಲ್ಲ” ಅಂತಾಳೆ. ಕಿಡ್ನಿ ಕಾಯಿಲೆಯಲ್ಲಿ ಹಸಿವು ಸಾಯುವುದು ಹೌದು, ಆದರೆ ಹಸಿವಿಲ್ಲ ಅಂತ ಬಿಟ್ಟರೆ ಮೈಯ ಮಾಂಸವೇ ಕರಗ್ತದೆ. ತೂಕ ಇಳಿದು ಸೊರಗಿದವರು ಸೋಂಕಿಗೂ ಬೇಗ ಸಿಗ್ತಾರೆ, ಚೇತರಿಸಿಕೊಳ್ಳುವುದೂ ನಿಧಾನ. ಸಂಜೆಯ ತಿಂಡಿ ಅವರಿಗೆ ಚಪಲ ಅಲ್ಲ. ಮೂರು ಹೊತ್ತಿನ ಊಟ ಸರಿಯಾಗಿ ಇಳಿಯದವರಿಗೆ ಆ ಎರಡು ಸಣ್ಣ ತಿಂಡಿಯೇ ಆಧಾರ.

ಪ್ರೋಟೀನ್ ಲೆಕ್ಕ ನೋಡಿ. ಡಯಾಲಿಸಿಸ್ ಶುರುವಾಗದವರಿಗೆ, ಕಾಯಿಲೆ ಮೂರನೇ ಹಂತ ದಾಟಿದ್ದರೆ, ದೇಹದ ತೂಕದ ಒಂದು ಕೆ.ಜಿ.ಗೆ 0.8 ಗ್ರಾಂ ಅಂತ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ 2024ರಲ್ಲಿ ಹೇಳಿದೆ. 50 ಕೆ.ಜಿ. ಇರುವವರಿಗೆ ದಿನಕ್ಕೆ 40 ಗ್ರಾಂ. ಇವರಿಗೆ ಪ್ರೋಟೀನ್ ಪುಡಿಯ ಡಬ್ಬ ತಂದು ಕೊಡುವುದು ತಪ್ಪು. ಅದೇ ವ್ಯಕ್ತಿಗೆ ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗ್ತದೆ. ಯಂತ್ರ ರಕ್ತ ತೊಳೆಯುವಾಗ ಸ್ವಲ್ಪ ಪ್ರೋಟೀನೂ ಹೋಗ್ತದೆ, ಹಾಗಾಗಿ ಒಂದು ಕೆ.ಜಿ.ಗೆ 1 ರಿಂದ 1.2 ಗ್ರಾಂ, ಅಂದ್ರೆ 50 ರಿಂದ 60 ಗ್ರಾಂ ಬೇಕು. ಈಗ ಹಳೇ ಪಟ್ಟಿ ಹಿಡಕೊಂಡು ಮೊಟ್ಟೆ ಮೀನು ಬಿಡಿಸಿದರೆ ಅದೂ ತಪ್ಪು. ಒಂದೇ ಮನೆ, ಒಂದೇ ಮಾವಿ, ಎರಡು ವರ್ಷದ ಅಂತರದಲ್ಲಿ ಎರಡು ಬೇರೆ ತಟ್ಟೆ. ವಾಟ್ಸಾಪ್ ಪಟ್ಟಿಗೆ ಇದು ಗೊತ್ತುಂಟಾ?

ಇನ್ನೊಂದು ಮುಖ್ಯ ವಿಷಯ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಎರಡೂ ಇದ್ದು ಇನ್ಸುಲಿನ್ ತಗೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಕಿಡ್ನಿ ಸೋತರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳೀತದೆ. ತಿಂಡಿ ತಪ್ಪಿಸಿದರೆ ಸಕ್ಕರೆ ಇದ್ದಕ್ಕಿದ್ದ ಹಾಗೆ ಇಳಿದು ಬೆವರು, ನಡುಕ, ತಲೆ ಸುತ್ತು. ಆಗ ಎಲ್ಲರೂ ಓಡಿ ಕಿತ್ತಳೆ ಜ್ಯೂಸ್ ತರ್ತಾರೆ. ಪೊಟ್ಯಾಸಿಯಂ ಹೆಚ್ಚಿರುವವರಿಗೆ ಅದು ಬೇಡ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿಗೆ ಹಾಕಿ ಕೊಡಿ. ಬೆಲ್ಲಕ್ಕಿಂತ ಸಕ್ಕರೆ ವಾಸಿ ಅಂತ ನಾನು ಹೇಳುವ ಜಾಗ ಇದೊಂದೇ. ಬೆಲ್ಲದಲ್ಲಿ ಪೊಟ್ಯಾಸಿಯಂ ಉಂಟು, ಸಕ್ಕರೆಯಲ್ಲಿ ಇಲ್ಲ ಅನ್ನುವಷ್ಟು ಕಮ್ಮಿ.

ಸರಿ, ಬೈದದ್ದು ಸಾಕು. ಕೊಡುವುದು ಎಂತ?

ಮೊದಲನೇದು ನಮ್ಮ ಅಕ್ಕಿ ಒಟ್ಟಿ. ಅನ್ನ, ಅಕ್ಕಿ ಹಿಟ್ಟು ಸೇರಿಸಿ ನಾದಿ, ಉಪ್ಪಿಲ್ಲದೆ ಸುಟ್ಟದ್ದು. ಉಪ್ಪಿಲ್ಲ ಅಂತ ಹಿಟ್ಟು ಏನೂ ಮುನಿಸಿಕೊಳ್ಳುವುದಿಲ್ಲ. ಸಣ್ಣದಾಗಿ ಒಂದು, ಮೇಲೆ ಒಂದು ಹನಿ ತುಪ್ಪ. ನೂಪುಟ್ಟು ಕೂಡ ಹಾಗೇ, ಜೊತೆಗೆ ಸ್ವಲ್ಪ ಸಕ್ಕರೆ ಏಲಕ್ಕಿ, ಅಥವಾ ಈರುಳ್ಳಿ ಕರಿಬೇವಿನ ಒಗ್ಗರಣೆ ಹಾಕಿ ನಿಂಬೆಹುಳಿ ಹಿಂಡಿದರೆ ಉಪ್ಪು ಕಮ್ಮಿಯಾದದ್ದು ಗೊತ್ತೇ ಆಗುವುದಿಲ್ಲ. ಕಡಂಬುಟ್ಟು ಎರಡು ಸಣ್ಣ ಉಂಡೆ. ಪಾಪುಟ್ಟಿನಲ್ಲಿ ಹಾಲು, ತೆಂಗಿನಕಾಯಿ ಹೆಚ್ಚು ಬೀಳ್ತದೆ, ಹಾಗಾಗಿ ಅದು ಒಂದು ಸಣ್ಣ ತುಂಡು, ಹಾಲಿಗೆ ಅರ್ಧ ನೀರು ಬೆರೆಸಿ ಮಾಡಿದರೆ ಇನ್ನೂ ಒಳ್ಳೇದು. ತೆಳು ಅವಲಕ್ಕಿ, ಮನೆಯಲ್ಲೇ ಒಗ್ಗರಣೆ ಹಾಕಿದ ಪುರಿ. ಅಂಗಡಿಯ ಪುರಿಗೆ ಹೆಚ್ಚಾಗಿ ಉಪ್ಪು ಹಾಕಿರ್ತಾರೆ, ಕೇಳಿ ತನ್ನಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನೆಲ್ಲ ಅಳತೆಯಲ್ಲೇ ತಿನ್ನಬೇಕು, ಒಂದು ಒಟ್ಟಿ ಅಂದ್ರೆ ಒಂದೇ.

ಡಯಾಲಿಸಿಸ್‌ನವರಿಗೆ ಬೇಯಿಸಿದ ಮೊಟ್ಟೆಯ ಬಿಳಿ ಎರಡು. ಒಳ್ಳೇ ಪ್ರೋಟೀನ್, ಫಾಸ್ಫರಸ್ ತುಂಬಾ ಕಮ್ಮಿ, ಅದು ಹೆಚ್ಚಿರುವುದು ಹಳದಿಯಲ್ಲಿ. ಮೇಲೆ ನಮ್ಮದೇ ತೋಟದ ಕರಿಮೆಣಸು ಕುಟ್ಟಿ ಹಾಕಿ. ಮನೆ ತುಂಬಾ ಕಾಳುಮೆಣಸು ಇಟ್ಟುಕೊಂಡು ಅಂಗಡಿಯ ಮಸಾಲೆ ಪುಡಿಯ ಉಪ್ಪು ಯಾಕೆ ತಿನ್ನಬೇಕು? ಶುಂಠಿ, ಬೆಳ್ಳುಳ್ಳಿ, ಜೀರಿಗೆ, ನಿಂಬೆ, ಇವೆಲ್ಲ ಉಪ್ಪಿನ ಜಾಗ ತುಂಬುವ ಸಾಮಾನು.

ಹಣ್ಣಿನಲ್ಲಿ ಸೇಬು, ಅನಾನಸು, ಮರಸೇಬು. 100 ಗ್ರಾಂಗೆ ಪೊಟ್ಯಾಸಿಯಂ ಸುಮಾರು 110. ಪಪ್ಪಾಯ, ನಮ್ಮ ಕಿತ್ತಳೆ ಸುಮಾರು 180, ಅಂದ್ರೆ ಪೂರ್ತಿ ಹಣ್ಣಿನ ಜಾಗಕ್ಕೆ ನಾಲ್ಕು ತೊಳೆ, ಜ್ಯೂಸ್ ಬೇಡ. ಸೀಬೆ, ಹಲಸು, ಬೆಣ್ಣೆಹಣ್ಣು 400 ಮೀರಿದ್ದು, ಪೊಟ್ಯಾಸಿಯಂ ಏರಿದವರು ದೂರ ಇಡಲಿ. ಗೆಡ್ಡೆ, ಆಲೂ ತಿನ್ನಲೇಬೇಕು ಅನ್ನಿಸಿದರೆ ತೆಳ್ಳಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಪಲ್ಯ ಮಾಡಿ. ಬೈಂಬಳೆ ನೀರು ಬದಲಾಯಿಸಿ ಬದಲಾಯಿಸಿ ಕಹಿ ತೆಗೆಯುವ ನಮಗೆ ಇದು ಹೊಸತಾ? ಕಾಫಿ ಬಿಡಬೇಕಾಗಿಲ್ಲ, ಒಂದು ಎರಡು ಸಣ್ಣ ಲೋಟ ಆಗ್ತದೆ. ಆದರೆ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಕಾಫಿಯನ್ನೂ ನೀರಿನ ಲೆಕ್ಕಕ್ಕೆ ಹಿಡಿಯಬೇಕು.

ಈಗ ನೀವು ಹೇಳುವ ಉತ್ತರ ನನಗೆ ಗೊತ್ತು. “ಹಬ್ಬದ ದಿನ ಒಂದು ದಿನ ತಿಂದರೆ ಎಂತ ಆಗ್ತದೆ?”

ಪುತ್ತರಿಗೆ ತಂಬುಟ್ಟು ಇಲ್ಲದೆ ಹಬ್ಬ ಇಲ್ಲ, ನನಗೂ ಗೊತ್ತು. ಹಣ್ಣಾದ ಬಾಳೆ, ಹುರಿದ ಅಕ್ಕಿ ಹಿಟ್ಟು, ಎಳ್ಳು, ಕಾಯಿ, ತುಪ್ಪ. ಹೊಸ ಅಕ್ಕಿ ಮನೆಗೆ ಬಂದ ದಿನ ಮಾವಿಯನ್ನು ಮೂಲೆಯಲ್ಲಿ ಕೂರಿಸಿ ನೋಡ್ತಾ ಇರು ಅನ್ನುವುದು ಕ್ರೌರ್ಯ. ಒಂದು ನೆಲ್ಲಿಕಾಯಿ ಗಾತ್ರ ಕೊಡಿ, ಆ ದಿನ ಬೇರೆ ಹಣ್ಣು, ಗೆಡ್ಡೆ, ಪಾಯಸ ತೆಗೀರಿ. ಅದು ಲೆಕ್ಕದ ತಂಬುಟ್ಟು. “ಒಂದು ದಿನ” ಅಂತ ಎಲೆ ತುಂಬಾ ಬಡಿಸುವುದು ಬೇರೆ. ಕೈಲ್‌ಪೊಳ್ದ್ ಒಂದು ದಿನ, ಪುತ್ತರಿ ಒಂದು ದಿನ, ಮದುವೆ, ನಾಮಕರಣ, ಊರ ಹಬ್ಬ, ತಿಥಿ ಎಲ್ಲ ಒಂದೊಂದು ದಿನ. ವರ್ಷದಲ್ಲಿ ಎಷ್ಟು “ಒಂದು ದಿನ” ಬಂತು ಅಂತ ಕ್ಯಾಲೆಂಡರ್ ನೋಡಿ. ಪೊಟ್ಯಾಸಿಯಂ ಏರ್ಲಿಕ್ಕೆ ವರ್ಷ ಬೇಡ, ಒಂದು ರಾತ್ರಿ ಸಾಕು. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ವಿಷಯವೂ ಅಷ್ಟೇ, ಡಾಕ್ಟರನ್ನು ಮೊದಲೇ ಕೇಳಿ. ತಿಂದ ಮೇಲೆ ಮೂತ್ರ ಕೆಂಪಾಗ್ತದೆ, ಆ ದಿನ ಪರೀಕ್ಷೆಗೆ ಹೋದರೆ ಸೊಪ್ಪು ತಿಂದದ್ದನ್ನು ಹೇಳದಿದ್ದರೆ ಅವರು ರಕ್ತ ಅಂತ ಹೆದರಿಯಾರು.

“ನಮ್ಮ ಅಜ್ಜಿ ಎಲ್ಲ ತಿಂದು ತೊಂಬತ್ತು ಬದುಕಿದರು” ಅಂತ ಇನ್ನೊಂದು ಮಾತು. ಬದುಕಿದರು, ಅವರ ಕಿಡ್ನಿ ಸರಿ ಇತ್ತು. ಗದ್ದೆ ಕೆಲಸ ಮಾಡಿದವರ ತಟ್ಟೆಯನ್ನು ಡಯಾಲಿಸಿಸ್ ಮಂಚದ ಮೇಲೆ ಮಲಗಿದವರಿಗೆ ಇಡಬೇಡಿ.

“ಡಾಕ್ಟರ್ ಏನೂ ಹೇಳಲಿಲ್ಲವಲ್ಲ” ಅನ್ನುವುದು ಮಾತ್ರ ಸ್ವಲ್ಪ ನ್ಯಾಯದ ಮಾತು. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು, ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಡಯಾಲಿಸಿಸ್ ಸಿಗುವ ಹಾಗಾಯ್ತು. ಯಂತ್ರ ಹತ್ತಿರ ಬಂತು, ಒಳ್ಳೇದೇ ಆಯ್ತು. ಆದರೆ ಪಕ್ಕದಲ್ಲಿ ಕೂತು “ನಿಮ್ಮ ಮನೆಯಲ್ಲಿ ಸಂಜೆಗೆ ಎಂತ ಮಾಡ್ತೀರಿ ಅಕ್ಕಾ” ಅಂತ ಕೇಳಿ, ಕಡಂಬುಟ್ಟು, ಒಟ್ಟಿ, ತಂಬುಟ್ಟು ಗೊತ್ತಿದ್ದು ಹೇಳುವ ಆಹಾರ ತಜ್ಞರು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಒಮ್ಮೆ ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ನಮಗೆ ಕೊಟ್ಟ ಹಾಳೆಯಲ್ಲಿ ಬ್ರೆಡ್, ಕಾರ್ನ್‌ಫ್ಲೇಕ್ಸ್ ಅಂತ ಬರೆದಿತ್ತು. ಹುದಿಕೇರಿಯ ಅಡಿಗೆಮನೆಗೆ ಆ ಹಾಳೆ ಎಂತಕ್ಕೆ? ಹಾಗಂತ ಕೇಳದೆ ಬಿಡಬೇಡಿ. ಮುಂದಿನ ಸಲ ಹೋಗುವಾಗ ನಿಮ್ಮ ಮನೆಯ ಒಂದು ವಾರದ ತಿಂಡಿ ಚೀಟಿಯಲ್ಲಿ ಬರಕೊಂಡು ಹೋಗಿ. ಪೊಟ್ಯಾಸಿಯಂ, ಫಾಸ್ಫರಸ್, ಸಕ್ಕರೆ, ಅಲ್ಬುಮಿನ್ ನಾಲ್ಕೂ ಎಷ್ಟು ಬಂತು, ಈ ಚೀಟಿಯಲ್ಲಿ ಯಾವುದು ತೆಗೆಯಲಿ, ಯಾವುದು ಸೇರಿಸಲಿ ಅಂತ ನೇರ ಕೇಳಿ. ನಾನು ಇಲ್ಲಿ ಬರೆದದ್ದೂ ಆ ಚೀಟಿಗೆ ಬದಲಿ ಆಗುವುದಿಲ್ಲ, ನಿಮ್ಮ ಮನೆಯವರ ನಂಬರ್ ಮೊದಲು.

ಕೊನೆಗೆ ಒಂದು ಬೇಡಿಕೆ, ಸಂಘದಲ್ಲಿ, ಒಕ್ಕದಲ್ಲಿ ಜವಾಬ್ದಾರಿ ಇರುವ ಅಕ್ಕಂದಿರಿಗೆ. ನಮ್ಮ ಕೂಟಗಳಲ್ಲಿ ಸಸ್ಯಾಹಾರಿಗಳಿಗೆ ಬೇರೆ ಮೇಜು ಇಡ್ತೀರಿ, ಸಕ್ಕರೆ ಇಲ್ಲದ ಕಾಫಿ ಇಡ್ತೀರಿ. ಅದರ ಪಕ್ಕ ಉಪ್ಪು ಹಾಕದ ಒಟ್ಟಿ ಒಂದು ಬುಟ್ಟಿ, ಒಂದು ತಟ್ಟೆ ಅನಾನಸು, ಬೇಯಿಸಿದ ಮೊಟ್ಟೆ ಇಡಿ. ಖರ್ಚು ಜಾಸ್ತಿ ಇಲ್ಲ. ಈಗ ಕಿಡ್ನಿ ಕಾಯಿಲೆಯವರು ಕೂಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಬಂದರೆ ತಿನ್ನು ತಿನ್ನು ಅಂತ ಒತ್ತಾಯ, ತಿನ್ನದಿದ್ದರೆ “ನಮ್ಮ ಕೈಯಡಿಗೆ ಆಗೋದಿಲ್ವಾ” ಅಂತ ಮುನಿಸು. ಇವರು ಬೇಡ ಅಂದರೆ ಅದು ನಿಮ್ಮ ಅಡಿಗೆಗೆ ಹೇಳಿದ್ದಲ್ಲ. ಒಂದು ಸಲ “ಬೇಡ” ಅಂದರೆ ಅಲ್ಲಿಗೇ ಬಿಡಿ, ಪಕ್ಕದಲ್ಲಿ ಕೂತು ಮಾತಾಡಿ. ಅವರಿಗೆ ಮನೆಯಲ್ಲಿ ಮಾತಾಡುವವರು ಕಮ್ಮಿಯಾಗಿದ್ದಾರೆ.